ಕೊನೆಯ ತಿಂಗಳುಗಳ ಫೋಟೊ: ಮೊದಲು ಅವರನ್ನೇ ಕೇಳಿ

ಹೋದ ಸಂಚಿಕೆಯಲ್ಲಿ ನಮ್ಮ ಅಮ್ಮನ ಕೊನೆಯ ಐದು ತಿಂಗಳ ಬಗ್ಗೆ ಒಂದು ಪುಟ ಬರೆದಿದ್ದೆ. ಅಮ್ಮನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಲಿವರ್‌ಗೂ ಹರಡಿತ್ತು. ಕಿಮೋ ಬೇಡ ಎಂದು ಅವಳೇ ಹೇಳಿ, ಸಾಗರದ ಹತ್ತಿರ ಇರುವ ನಮ್ಮ ಮನೆಗೆ ವಾಪಸ್ ಬಂದು, ಜಗಲಿ ಪಕ್ಕದ ಕೋಣೆಯಲ್ಲಿ ಮಂಚ ಹಾಕಿಸಿಕೊಂಡಳು. ಆ ಐದು ತಿಂಗಳೂ ನಾನು ಅವಳ ಫೋಟೊ ತೆಗೆದೆ. ಸಾವಿನ ಬಗ್ಗೆ ನಾವಿಬ್ಬರೂ ಬಾಯಿಬಿಟ್ಟು ಮಾತಾಡಿದೆವು. ಬರೆದಿದ್ದು ಇಷ್ಟೇ.

ಅದಕ್ಕೆ ಇಷ್ಟೊಂದು ಪತ್ರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಕೆಲವರು ಬೈದಿದ್ದಾರೆ, "ಹೆತ್ತ ತಾಯಿ ನರಳುವಾಗ ಕ್ಯಾಮೆರಾ ಹಿಡಿಯೋಕೆ ಮನಸ್ಸಾದರೂ ಹೇಗೆ ಬಂತು" ಅಂತ. ಆದರೆ ತಮ್ಮ ಮನೆಯ ಕಥೆ ಬರೆದು ಪ್ರಶ್ನೆ ಕೇಳಿದವರೇ ಜಾಸ್ತಿ. ಈ ಸಲದ ಅಂಕಣ ಪೂರ್ತಿ ಅವರಿಗೇ. ನಾನು ಡಾಕ್ಟರ್ ಅಲ್ಲ. ಗುಣವಾಗದ ಕಾಯಿಲೆ ಇರುವವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಪ್ಯಾಲಿಯೇಟಿವ್ ಕೇರ್ ತಂಡದಲ್ಲಿ 12 ವರ್ಷ ನರ್ಸ್ ಆಗಿದ್ದವಳು. ಆ ಮನೆಗಳಲ್ಲಿ ಕಲಿತದ್ದು, ಅಮ್ಮನಿಂದ ಕಲಿತದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿಕೊಂಡಿದ್ದರಿಂದ ಯಾರ ಹೆಸರೂ ಇಲ್ಲಿಲ್ಲ.

ಪ್ರಶ್ನೆ: ಅಪ್ಪಾಜಿಗೆ 68 ವರ್ಷ. ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಡಾಕ್ಟರ್ ನಮ್ಮಣ್ಣನನ್ನು ಹೊರಗೆ ಕರೆದು ನಾಲ್ಕರಿಂದ ಆರು ತಿಂಗಳು ಅಂದರು. ಅಪ್ಪಾಜಿಗೆ ಮಾತ್ರ ನಿಮೋನಿಯಾ ಅಂತ ಹೇಳಿದ್ದೇವೆ. ಬೆನ್ನಿಗೆ ಕರೆಂಟ್ (ರೇಡಿಯೇಷನ್) ಕೊಡಿಸಿದ್ದೂ ಆಯಿತು. ನಿಮ್ಮ ಲೇಖನ ಓದಿ ನನಗೂ ಅವರ ಫೋಟೊ ತೆಗೆಯಬೇಕು ಅನಿಸಿತು. ಫೋನ್ ಎತ್ತಿದ್ದೇ ತಡ, ದೊಡ್ಡಮ್ಮ "ಹುಷಾರಿಲ್ಲದೋರ ಫೋಟೊ ತೆಗೀಬಾರದು, ಆಯಸ್ಸು ಕಮ್ಮಿ ಆಗ್ತದೆ" ಅಂತ ಬೈದರು. ಅಪ್ಪಾಜಿ ಮಲಗಿದ್ದಾಗ, ಯಾರಿಗೂ ಗೊತ್ತಾಗದ ಹಾಗೆ ತೆಗೆಯಬಹುದಾ? (ಓದುಗಿ, ದಾವಣಗೆರೆ)

ಉತ್ತರ: ಬೇಡಮ್ಮ, ಕದ್ದು ತೆಗೆಯಬೇಡಿ. ನಾನೇ ಆ ತಪ್ಪು ಮಾಡಿದ್ದೇನೆ. ಅಮ್ಮ ಮನೆಗೆ ಬಂದ ಮೂರನೇ ವಾರ. ಒಂದು ಮಧ್ಯಾಹ್ನ ವಾಂತಿ ಮಾಡಿ, ಸುಸ್ತಾಗಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಕಿಟಕಿಯ ಬೆಳಕು ಕೆನ್ನೆ ಮೇಲೆ ಬಿದ್ದಿತ್ತು. ಕೇಳದೆ ತೆಗೆದುಬಿಟ್ಟೆ. ಶಬ್ದಕ್ಕೆ ಕಣ್ಣು ಬಿಟ್ಟಳು. ಏನೂ ಅನ್ನಲಿಲ್ಲ, ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿದಳು. ಎರಡು ದಿನ ನನ್ನ ಹತ್ತಿರ ಮಾತೇ ಇಲ್ಲ. ಮೂರನೇ ದಿನ ಫೋನನ್ನು ಅವಳ ಕೈಗೆ ಕೊಟ್ಟು, "ತಪ್ಪಾಯ್ತು, ನೀನೇ ಅಳಿಸು" ಅಂದೆ. ಅಳಿಸಿದಳು. ಆಮೇಲೆ ತಾನಾಗಿ ಷರತ್ತು ಹಾಕಿದಳು. ಬಚ್ಚಲಲ್ಲಿ ಬೇಡ, ಹಲ್ಲಿನ ಸೆಟ್ ಇಲ್ಲದಾಗ ಬೇಡ, ನಿದ್ದೆಯಲ್ಲಿದ್ದಾಗ ಬೇಡ, ಯಾರಿಗೂ ಕಳಿಸಬೇಡ. "ಉಳಿದದ್ದು ನಿನ್ನಿಷ್ಟ, ಆದ್ರೆ ದಿನಾ ಸಂಜೆ ನಂಗೆ ತೋರಿಸ್ಬೇಕು." ಅವತ್ತಿನಿಂದ ಆ ಫೋಟೊಗಳು ನಮ್ಮಿಬ್ಬರ ಕೆಲಸ ಆದವು. ಸಂಜೆ ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿ, ಇದು ಇರಲಿ, ಇದು ಬೇಡ ಅನ್ನುತ್ತಿದ್ದಳು. ನಾಲ್ಕನೇ ತಿಂಗಳಲ್ಲಿ, ನಾನು ಕೇಳದೆಯೇ, ಊದಿಕೊಂಡ ತನ್ನ ಕಾಲುಗಳನ್ನು ಚಾದರದಿಂದ ಹೊರಗೆ ಹಾಕಿ "ಇದನ್ನೂ ತೆಗಿ" ಅಂದಳು.

ಆದರೆ ನಿಮ್ಮ ಮನೆಯಲ್ಲಿ ಅಪ್ಪಾಜಿಯ ಒಪ್ಪಿಗೆ ಕೇಳುವುದೇ ಕಷ್ಟ. "ಈಗ್ಯಾಕೆ ಫೋಟೊ?" ಅಂದರೆ ಏನು ಹೇಳುತ್ತೀರಿ? ಅಲ್ಲೇ ಇರುವುದು ಗಂಟು. ಅಪ್ಪಾಜಿಗೆ ಗೊತ್ತಿಲ್ಲ ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ನಿಮೋನಿಯಾಕ್ಕೆ ಯಾರೂ ಬೆನ್ನಿಗೆ ಕರೆಂಟ್ ಕೊಡುವುದಿಲ್ಲ ಅಂತ ಊರಿಗೆಲ್ಲ ಗೊತ್ತು. ನಾನು ಮನೆಗಳಿಗೆ ಹೋಗುತ್ತಿದ್ದಾಗ ಒಂದೇ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಮನೆಯವರು ಟೀ ಮಾಡೋಕೆ ಒಳಗೆ ಹೋದ ಕೂಡಲೇ ರೋಗಿ ಮೆಲ್ಲಗೆ, "ಸಿಸ್ಟರ್, ನಂಗೆಲ್ಲ ಗೊತ್ತು, ಇವ್ರಿಗೆ ಹೇಳ್ಬೇಡಿ, ತಡ್ಕೊಳ್ಳಲ್ಲ" ಅನ್ನುತ್ತಾರೆ. ಅಡುಗೆಮನೆಗೆ ಹೋದರೆ ಹೆಂಡತಿ, "ಸಿಸ್ಟರ್, ಅವ್ರಿಗೆ ಗೊತ್ತಿಲ್ಲ, ಹೇಳ್ಬೇಡಿ, ತಡ್ಕೊಳ್ಳಲ್ಲ" ಅನ್ನುತ್ತಾರೆ. ಮಧ್ಯೆ ಒಂದೇ ಗೋಡೆ. ಇಬ್ಬರೂ ಪ್ರೀತಿಯಿಂದಲೇ ಮುಚ್ಚಿಡುತ್ತಾರೆ. ಆದರೆ ಹೀಗೆ ಮುಚ್ಚಿಡುವುದರಲ್ಲೇ ಇರುವ ನಾಲ್ಕು ತಿಂಗಳೂ ಕಳೆದುಹೋಗುತ್ತವೆ, ಮಗನಿಗೆ ಹೇಳಬೇಕಿದ್ದ ಜಮೀನಿನ ಮಾತು, ಹೆಂಡತಿಗೆ ಹೇಳಬೇಕಿದ್ದ ಒಂದು ಮಾತು, ಎಲ್ಲ ಹಾಗೇ ಉಳಿಯುತ್ತವೆ.

ಮೊದಲು ಅಮ್ಮನ ಹತ್ತಿರ, ಅಣ್ಣನ ಹತ್ತಿರ ಮಾತಾಡಿ. ಅವರಿಗೆ ವಿರುದ್ಧವಾಗಿ ಹೋಗಬೇಡಿ. ಆಮೇಲೆ ಅಪ್ಪಾಜಿ ಒಬ್ಬರೇ ಇರುವ ಹೊತ್ತು ನೋಡಿ, ಬೆಳಗಿನ ಕಾಫಿ ಹೊತ್ತು ಒಳ್ಳೆಯದು, ಪಕ್ಕದಲ್ಲಿ ಕೂತು ಕೇಳಿ: "ಅಪ್ಪಾಜಿ, ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನನ್ಸುತ್ತೆ?" ಕೇಳಿ ಸುಮ್ನೆ ಇರಿ. ಆ ಸುಮ್ಮನಿರುವುದೇ ಕಷ್ಟದ ಕೆಲಸ. ಅವರು "ಏನೋ ದೊಡ್ಡದೇ ಇರಬೇಕು" ಅಂದರೆ, "ಡಾಕ್ಟರ್ ಹೇಳಿದ್ದು ನಿಮಗೂ ಗೊತ್ತಾಗಬೇಕಾ, ಇಲ್ಲ ಅಣ್ಣ ನೋಡ್ಕೊಂಡ್ರೆ ಸಾಕಾ?" ಅಂತ ಕೇಳಿ. ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ. ಅದೂ ಅವರದೇ ತೀರ್ಮಾನ. ಬೇಕು ಅಂದರೂ ತಿಂಗಳ ಲೆಕ್ಕ ಒಪ್ಪಿಸಲು ಹೋಗಬೇಡಿ, ಡಾಕ್ಟರ್ ಹೇಳುವ ತಿಂಗಳು ಅಂದಾಜು ಮಾತ್ರ. ಪೂರ್ತಿ ಗುಣ ಮಾಡೋಕೆ ಆಗಲ್ಲವಂತೆ, ಆದರೆ ನೋವಿಲ್ಲದ ಹಾಗೆ ನೋಡಿಕೊಳ್ಳಬಹುದಂತೆ, ನಾವೆಲ್ಲ ಜೊತೆಗಿರುತ್ತೇವೆ. ಮೊದಲ ದಿನಕ್ಕೆ ಇಷ್ಟು ಸಾಕು. ಅವರು ಅತ್ತರೆ ಅಳಲಿ. ನೀವೂ ಅಳಿ.

ಇನ್ನು ದೊಡ್ಡಮ್ಮನ ಮಾತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಹೆದರಿದ್ದಾರೆ. ಆದರೆ ಒಂದು ಯೋಚನೆ ಮಾಡಿ. ನಮ್ಮ ಕಡೆ ಹಳೇ ಮನೆಗಳ ಟ್ರಂಕ್ ತೆಗೆದರೆ ಎಂಥ ಫೋಟೊ ಸಿಗುತ್ತದೆ? ಅಜ್ಜನ ಶವವನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತು, ಪೇಟೆಯಿಂದ ಸ್ಟುಡಿಯೊದವನನ್ನು ಕರೆಸಿ ತೆಗೆಸಿದ ಫೋಟೊ. ಎಷ್ಟೋ ಮನೆಗಳಲ್ಲಿ ಅಜ್ಜಿಯದು ಅಂತ ಇರುವುದು ಅದೊಂದೇ. ಸತ್ತ ಮೇಲೆ ತೆಗೆಯಲು ನಾವು ಯಾವತ್ತೂ ಹೆದರಿಲ್ಲ. ಅವರು ಕಣ್ಣು ಬಿಟ್ಟು ನೋಡುತ್ತಿರುವಾಗ, ಬೇಕು ಬೇಡ ಹೇಳುವ ಶಕ್ತಿ ಇರುವಾಗ ತೆಗೆಯೋಕೆ ಯಾಕೆ ಹೆದರಬೇಕು? ನಿಮ್ಮ ಅಪ್ಪಾಜಿ ಬೇರೆಯವರ ಮನೆಗೆ ಮಾತಾಡಿಸಲು ಹೋದಾಗ "ಮರಣವೇ ಮಹಾನವಮಿ" ಅಂತ ಸಮಾಧಾನ ಹೇಳುತ್ತಿದ್ದರು ಅಂತ ನೀವೇ ಪತ್ರದಲ್ಲಿ ಬರೆದಿದ್ದೀರಿ. ಅಂಥವರ ಹತ್ತಿರ ಈ ಮಾತು ಎತ್ತಲು ನೀವು ಅಂದುಕೊಂಡಷ್ಟು ಕಷ್ಟ ಆಗಲಾರದು.

ಪ್ರಶ್ನೆ: ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನನ್ನು ಸಾಕಿದ್ದು ಅಜ್ಜಿ. ಹೃದಯ ತುಂಬಾ ದುರ್ಬಲವಾಗಿದೆ, ಹಾಸಿಗೆ ಹಿಡಿದಿದ್ದಾರೆ. ಅಜ್ಜಿಯೇ "ತೆಗಿ ಮಗಾ" ಅಂದಿದ್ದಾರೆ. ಆದರೆ ನನ್ನ ಫೋಟೊಗಳಲ್ಲಿ ಅವರು ಬರೀ ರೋಗಿಯ ಹಾಗೆ ಕಾಣುತ್ತಾರೆ. ಏನು ತಪ್ಪು ಮಾಡುತ್ತಿದ್ದೇನೆ? ಮುಂದೆ ಒಂದು ಪ್ರದರ್ಶನ ಮಾಡುವ ಆಸೆಯೂ ಇದೆ. (ಓದುಗ, ಮೈಸೂರು)

ಉತ್ತರ: ನೀವು ಕಳಿಸಿದ ಆರು ಫೋಟೊ ನೋಡಿದೆ. ಆರೂ ನಿಂತುಕೊಂಡು ತೆಗೆದದ್ದು. ಮಂಚದ ಮೇಲೆ ಮಲಗಿರುವವರನ್ನು ಮೇಲಿನಿಂದ ತೆಗೆದರೆ ಯಾರೇ ಆದರೂ ಹಾಗೇ ಕಾಣುತ್ತಾರೆ, ರೌಂಡ್ಸ್‌ಗೆ ಬಂದ ಡಾಕ್ಟರ್ ನೋಡಿದ ಹಾಗೆ. ಕೆಳಗೆ ಕೂತುಕೊಳ್ಳಿ. ಅವರ ಕಣ್ಣಿನ ಮಟ್ಟಕ್ಕೆ ಬನ್ನಿ. ಟ್ಯೂಬ್‌ಲೈಟ್ ಆರಿಸಿ ಕಿಟಕಿ ತೆಗೆಯಿರಿ, ಮಂಚವನ್ನು ಒಂದು ಮೊಳ ಕಿಟಕಿ ಕಡೆ ಸರಿಸಿದರೂ ಸಾಕು. ಫ್ಲ್ಯಾಶ್ ಬೇಡವೇ ಬೇಡ. ದೊಡ್ಡ ಕ್ಯಾಮೆರಾಗಿಂತ ಫೋನ್ ವಾಸಿ, ಅದರ ಶಬ್ದವನ್ನೂ ನಿಲ್ಲಿಸಿಬಿಡಿ.

ಮುಖವೊಂದನ್ನೇ ಹುಡುಕಬೇಡಿ. ಅಜ್ಜಿ ಎಲೆ ಅಡಿಕೆ ಹಾಕುತ್ತಾರೆ ಅಂದಿರಿ. ಆ ಕುಟ್ಟಾಣಿ, ಅದನ್ನು ಹಿಡಿದ ಬೆರಳು, ಕೆಂಪಾದ ಉಗುರು. ಮಾತ್ರೆಗಳನ್ನು ಬೆಳಿಗ್ಗೆ ರಾತ್ರಿ ಅಂತ ಬೇರೆ ಮಾಡಿಟ್ಟ ಡಬ್ಬಿ. ನಿಮ್ಮ ಅಮ್ಮ ಅಜ್ಜಿಯ ತಲೆ ಬಾಚುವ ಹೊತ್ತು. ಏನೂ ನಡೆಯದ ಮಧ್ಯಾಹ್ನ, ಫ್ಯಾನ್ ತಿರುಗುತ್ತಾ ಇಬ್ಬರೂ ತೂಕಡಿಸುವಾಗ. ನಮ್ಮಮ್ಮನ ಫೋಟೊಗಳಲ್ಲಿ ನಾನು ಈಗ ಜಾಸ್ತಿ ನೋಡುವುದು ಅವಳು ನನಗೆ ಅಪ್ಪೆಹುಳಿಗೆ ಎಷ್ಟು ಉಪ್ಪು ಅಂತ ಕೈಯಲ್ಲಿ ಅಳತೆ ತೋರಿಸುತ್ತಿರುವುದನ್ನು. ಮತ್ತೆ, ನಡುನಡುವೆ ಫೋನನ್ನು ಅಜ್ಜಿಯ ಕೈಗೆ ಕೊಡಿ. ಅವರು ನಿಮ್ಮನ್ನು ತೆಗೆಯಲಿ. ನಮ್ಮಮ್ಮ ತೆಗೆದ ನನ್ನ ಫೋಟೊ ಒಂದಿದೆ. ಅಲುಗಾಡಿದೆ, ಅರ್ಧ ತಲೆ ಇಲ್ಲ. ಆದರೆ ಅವಳಿಗೆ ನಾನು ಹೇಗೆ ಕಾಣುತ್ತಿದ್ದೆ ಅಂತ ಗೊತ್ತಾಗುವುದು ಅದೊಂದರಲ್ಲೇ.

ಇನ್ನೊಂದು ಕೆಲಸ, ಇದನ್ನು ಈ ವಾರವೇ ಮಾಡಿ. ಮನೆಯ ಹಳೇ ಆಲ್ಬಂ ತೆಗೆದು ಅಜ್ಜಿಯ ಮುಂದೆ ಇಡಿ. ಯಾರು ಯಾರು ಅಂತ ಕೇಳಿ, ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಆ ಹೆಸರುಗಳು ಗೊತ್ತಿರುವ ಕೊನೆಯ ಮನುಷ್ಯರು ಅವರೇ ಇರಬಹುದು.

ನೀವು ಕ್ಯಾಮೆರಾ ಬಲ್ಲವರು, ಹಾಗಾಗಿ ಇದು ನಿಮಗೆ ಇಷ್ಟ ಆಗಬಹುದು. ಅಮೆರಿಕದ ಹೆಸರಾಂತ ಫೋಟೊಗ್ರಾಫರ್ ರಿಚರ್ಡ್ ಅವೆಡನ್ 1969ರಿಂದ 1973ರವರೆಗೆ ತನ್ನ ಅಪ್ಪನ ಫೋಟೊ ತೆಗೆದರು. ಅಪ್ಪನಿಗೆ ಕ್ಯಾನ್ಸರ್ ಇತ್ತು. 1974ರಲ್ಲಿ ಆ ಫೋಟೊಗಳು ನ್ಯೂಯಾರ್ಕ್‌ನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ಪ್ರದರ್ಶನ ಆದವು. ಅಪ್ಪ ಮಗನ ನಡುವೆ ಸಂಬಂಧ ಸಲೀಸಾಗಿರಲಿಲ್ಲ. ಕ್ಯಾಮೆರಾ ಎತ್ತಿದರೆ ಅಪ್ಪ ತನ್ನದಲ್ಲದ ಒಂದು ನಗು ಹಾಕಿಕೊಳ್ಳುತ್ತಿದ್ದರು. ಮಗ ಪತ್ರ ಬರೆದು ಹೇಳಿದರು, ಆ ನಗು ನಿನ್ನದಲ್ಲ, ನಿನ್ನೊಳಗಿನ ಸಿಟ್ಟು, ಹಸಿವು, ಆ ತೀವ್ರತೆಯೇ ನನಗೆ ಬೇಕು ಅಂತ. ನನಗೆ ಮುಖ್ಯ ಅನಿಸುವುದು ಆ ಪತ್ರ. ಯಾಕೆ ತೆಗೆಯುತ್ತಿದ್ದೇನೆ ಅಂತ ಮಗ ಅಪ್ಪನಿಗೇ ಹೇಳಿದ್ದು.

ಪ್ರದರ್ಶನದ ಮಾತು. ಮನೆಯೊಳಗೆ ತೆಗೆಯಲು ಒಪ್ಪಿಗೆ ಬೇರೆ, ಊರಿಗೆ ತೋರಿಸಲು ಒಪ್ಪಿಗೆ ಬೇರೆ. ಎರಡನ್ನೂ ಕೇಳಬೇಕು, ಅದೂ ಅವರ ಬುದ್ಧಿ ಸ್ಥಿಮಿತದಲ್ಲಿರುವಾಗ. 1990ರಲ್ಲಿ ಅಮೆರಿಕದ ಒಹಾಯೊದಲ್ಲಿ ಡೇವಿಡ್ ಕರ್ಬಿ ಎಂಬ ಯುವಕ ಏಡ್ಸ್‌ನಿಂದ ಸಾಯುತ್ತಿದ್ದ. ಆಗ ಪತ್ರಿಕೋದ್ಯಮ ಓದುತ್ತಿದ್ದ ತೆರೇಸ್ ಫ್ರೇರ್ ಅವನಿದ್ದ ಆಶ್ರಯಧಾಮಕ್ಕೆ ಹೋಗಿಬರುತ್ತಿದ್ದರು. ಫೋಟೊ ತೆಗೆಯಬಹುದಾ ಅಂತ ಕೇಳಿದರು. ತೆಗಿ, ಆದರೆ ಅದರಿಂದ ನೀನು ಸ್ವಂತಕ್ಕೆ ದುಡ್ಡು ಮಾಡಿಕೊಳ್ಳಬಾರದು ಅಂದ. ಕೊನೆಯ ಹೊತ್ತಿನಲ್ಲಿ ಅವನ ಮನೆಯವರೇ ಆಕೆಯನ್ನು ಕೋಣೆಗೆ ಕರೆದರು. ಅಪ್ಪ ಮಗನ ತಲೆಯನ್ನು ಅಪ್ಪಿಕೊಂಡಿರುವ ಆ ಫೋಟೊ ಅದೇ ವರ್ಷ ನವೆಂಬರ್‌ನಲ್ಲಿ 'ಲೈಫ್' ಪತ್ರಿಕೆಯಲ್ಲಿ ಬಂತು. ಏಡ್ಸ್ ಬಂದವರನ್ನು ಮುಟ್ಟಲೂ ಜನ ಹೆದರುತ್ತಿದ್ದ ಕಾಲ ಅದು. 1992ರಲ್ಲಿ ಬೆನೆಟನ್ ಎಂಬ ಬಟ್ಟೆ ಕಂಪನಿ ಅದನ್ನೇ ಬಣ್ಣ ಹಾಕಿ ಜಾಹೀರಾತು ಮಾಡಿದಾಗ ದೊಡ್ಡ ಗಲಾಟೆ ಆಯಿತು. ಆದರೆ ಮನೆಯವರು ತಿಳಿದೇ ಒಪ್ಪಿದ್ದರು, ಮಗನ ಕಥೆ ಇನ್ನೂ ಜನರಿಗೆ ಮುಟ್ಟಲಿ ಅಂತ. ಜಾಹೀರಾತಿಗೆ ಕೊಟ್ಟದ್ದು ಸರಿಯೇ ಅಂತ ನನಗೆ ಇವತ್ತಿಗೂ ತೀರ್ಮಾನಕ್ಕೆ ಬರಲು ಆಗಿಲ್ಲ. ಆ ಹುಡುಗನನ್ನು ಮೊದಲು ಕೇಳಿದ್ದು ಮಾತ್ರ ಸರಿ. ನೀವೂ ಅಜ್ಜಿಯನ್ನು ಕೇಳಿ, ಯಾವ ಫೋಟೊ, ಯಾರು ನೋಡಬಹುದು, ಅವರು ಹೋದ ಮೇಲೆ ಯಾರ ಮಾತು ನಡೆಯಬೇಕು. ಅವರ ಉತ್ತರವನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಡಿ.

ಪ್ರಶ್ನೆ: ನಮ್ಮ ಅಕ್ಕ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿರುವ ಭಾವನ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದಾಳೆ, "ಪ್ರಾರ್ಥಿಸಿ" ಅಂತ. ನಮಗೆ ಮುಜುಗರ. ಹೇಳಬೇಕಾ? (ಓದುಗ, ತುಮಕೂರು)

ಉತ್ತರ: ಹೇಳಿ, ಆದರೆ ಗ್ರೂಪ್‌ನಲ್ಲಿ ಅಲ್ಲ. ಫೋನ್ ಮಾಡಿ ಮೊದಲು ಊಟ ಆಯ್ತಾ ಅಂತ ಕೇಳಿ. ಅವಳು ಒಬ್ಬಳೇ ಆಗಿಬಿಟ್ಟಿದ್ದಾಳೆ, ಯಾರಾದರೂ ಬರಲಿ ಅಂತ ಕೂಗಿದ್ದಾಳೆ ಅಷ್ಟೇ. ನೀವು ಆಸ್ಪತ್ರೆಗೆ ಹೋಗಿ ಒಂದು ರಾತ್ರಿ ಕಾದರೆ ಆ ಸ್ಟೇಟಸ್ ತಾನಾಗಿ ಇಳಿಯುತ್ತದೆ. ಭಾವನಿಗೆ ಪ್ರಜ್ಞೆ ಇದ್ದರೆ, ಅವರಿಗೆ ತೋರಿಸಿ ಹಾಕು ಅಂತ ಅಕ್ಕನಿಗೆ ಹೇಳಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಬಾಯಿ ಕ್ಯಾನ್ಸರ್. ಆಪರೇಷನ್ ಆಗಿ ಮುಖ ಒಂದು ಕಡೆ ಹೋಗಿದೆ. ಮಾತು ಬರಲ್ಲ, ಒಂದು ನೋಟ್‌ಬುಕ್‌ನಲ್ಲಿ ಬರೆದು ತೋರಿಸುತ್ತಾರೆ. ಡಾಕ್ಟರ್ ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು. ಮೊನ್ನೆ "ನಿನ್ನ ಜೊತೆ ಒಂದು ಫೋಟೊ" ಅಂತ ಬರೆದರು. ನಾನು ಆಮೇಲೆ ಅಂದೆ. ಈ ಮುಖ ಫೋಟೊದಲ್ಲಿ ಉಳಿಯುವುದು ನನಗೆ ಬೇಡ ಅನಿಸಿತು. ಕೊನೆಗೆ ಏನೇನಾಗುತ್ತದೋ ಅನ್ನುವ ಭಯದಲ್ಲಿ ನಿದ್ದೆ ಇಲ್ಲ. ನೋವಿಗೆ ಮಾರ್ಫಿನ್ ಕೊಟ್ಟರೆ ಬೇಗ ಹೋಗುತ್ತಾರೆ ಅಂತ ನಾದಿನಿ ಹೆದರಿಸುತ್ತಾರೆ. (ಓದುಗಿ, ಮಂಡ್ಯ ಜಿಲ್ಲೆ)

ಉತ್ತರ: ಇವತ್ತೇ ತೆಗೆಸಿಕೊಳ್ಳಿ. ಪಕ್ಕದ ಮನೆಯವರನ್ನು ಕರೆದು ಫೋನ್ ಕೊಡಿ. ಯಾವ ಕಡೆಯಿಂದ ತೆಗೆಯಬೇಕು ಅಂತ ಯಜಮಾನರನ್ನೇ ಕೇಳಿ, ಶಾಲು ಬೇಕಾದರೆ ಹೊದಿಸಿ, ಚೆನ್ನಾಗಿರುವ ಕೆನ್ನೆ ಕಡೆ ನೀವು ಕೂತುಕೊಳ್ಳಿ. ಆ ಮುಖ ಹೊತ್ತುಕೊಂಡೇ ಅವರು ನಿಮ್ಮ ಪಕ್ಕ ಕೂರಲು ಆಸೆ ಪಟ್ಟಿದ್ದಾರಲ್ಲ. ಆಮೇಲೆ ಆ ಫೋಟೊ ನೋಡಲು ಮನಸ್ಸಾಗದಿದ್ದರೆ ನೋಡಬೇಡಿ, ಪೆಟ್ಟಿಗೆಯಲ್ಲಿಡಿ. ನಿಮ್ಮ ಮದುವೆಯ ಫೋಟೊ ಗೋಡೆ ಮೇಲೆ ಇರಲಿ. ಮತ್ತೆ ಆ ನೋಟ್‌ಬುಕ್, ದಯವಿಟ್ಟು ಅದನ್ನು ಎಸೆಯಬೇಡಿ. "ನೀರು", "ಬೆನ್ನು ಒತ್ತು", "ಹಾಲಿನವನ ಲೆಕ್ಕ" ಅಂತ ಇರುವ ಪುಟಗಳೂ ಬೇಕು. ಮುಂದೆ ಮಕ್ಕಳಿಗೆ ಯಾವ ಫೋಟೊಗಿಂತಲೂ ಅದು ಹೆಚ್ಚಾಗುತ್ತದೆ.

ಮಾರ್ಫಿನ್ ಬಗ್ಗೆ ನಾದಿನಿ ಹೇಳಿದ್ದು ಸರಿಯಲ್ಲ. ಸಣ್ಣ ಡೋಸ್‌ನಿಂದ ಶುರು ಮಾಡಿ, ನೋವು ನೋಡಿಕೊಂಡು ಏರಿಸುತ್ತಾ ಹೋದರೆ ಅದು ಸಾವನ್ನು ಹತ್ತಿರ ತರುವುದಿಲ್ಲ. ಚಟದ ಭಯವೂ ಈ ಹಂತದಲ್ಲಿ ಬೇಡ. ಮಲಬದ್ಧತೆ ಮಾತ್ರ ಆಗೇ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಕಟ್ಟುನಿಟ್ಟಿನಿಂದ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರಲ್ಲಿ ತಿದ್ದುಪಡಿ ಆಗಿ ನಿಯಮ ಸಡಿಲವಾಯಿತು. ಆದರೂ ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ. ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಸತ್ತವರನ್ನು ನೋಡಿದ್ದೇನೆ, ಬರೀ ಮಾತ್ರೆ ತಲುಪದೆ. ಅದು ನಿಮ್ಮ ಮನೆಯಲ್ಲಿ ಆಗಬಾರದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗ ಇದೆ. ಬೆಂಗಳೂರಿನದೇ ಕರುಣಾಶ್ರಯ 1999ರಿಂದ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ಇಟ್ಟುಕೊಂಡು ನೋಡಿಕೊಳ್ಳುತ್ತಿದೆ. ಮನೆಯಲ್ಲಿ ಇನ್ನು ಆಗುವುದಿಲ್ಲ ಅನಿಸಿದರೆ ಅಲ್ಲಿಗೆ ಫೋನ್ ಮಾಡಿ. ಅಲ್ಲಿಗೆ ಸೇರಿಸಿದರೆ ಕೈಬಿಟ್ಟ ಹಾಗೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕೊನೆಯ ದಿನಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂತ ಹೇಳುತ್ತೇನೆ. ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ನಿದ್ದೆ ಜಾಸ್ತಿಯಾಗುತ್ತದೆ. ಊಟ ಬೇಡ ಅನ್ನುತ್ತಾರೆ. ನಮ್ಮವರಿಗೆ ಇದನ್ನು ಸಹಿಸುವುದೇ ಕಷ್ಟ, ಒಂದು ತುತ್ತಾದರೂ ತಿನ್ನಲಿ ಅಂತ ಬಲವಂತ ಮಾಡುತ್ತೇವೆ. ಮಾಡಬೇಡಿ, ನುಂಗುವ ಶಕ್ತಿ ಇಲ್ಲದಾಗ ಕೊಟ್ಟದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಹತ್ತಿಯನ್ನು ನೀರಲ್ಲಿ ಅದ್ದಿ ತುಟಿ ಒದ್ದೆ ಮಾಡುತ್ತಿರಿ, ಸಾಕು. ತುಳಸಿ ನೀರನ್ನೂ ಹಾಗೇ ಮುಟ್ಟಿಸಬಹುದು. ಕೈಕಾಲು ತಣ್ಣಗಾಗುತ್ತವೆ, ಚರ್ಮದ ಮೇಲೆ ನೀಲಿ ಮಚ್ಚೆ ಕಾಣಬಹುದು. ಉಸಿರಾಟದ ಲಯ ತಪ್ಪುತ್ತದೆ. ಒಂದಷ್ಟು ಹೊತ್ತು ನಿಂತು, ಆಯಿತು ಅಂದುಕೊಳ್ಳುವಾಗ ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಶಬ್ದ ಬರಬಹುದು. ಕೇಳುವ ನಮಗೆ ಅದು ಭಯಂಕರ, ಅವರಿಗೆ ಸಾಮಾನ್ಯವಾಗಿ ಅಷ್ಟು ಹಿಂಸೆ ಆಗಿರುವುದಿಲ್ಲ. ಒಂದು ಮಗ್ಗುಲಿಗೆ ತಿರುಗಿಸಿದರೆ ಕಡಿಮೆಯಾಗುತ್ತದೆ. ಕಿವಿ ಕೊನೆಯವರೆಗೂ ಕೇಳುತ್ತದೆ ಅಂತ ನಂಬಿಯೇ ನಾವು ನರ್ಸ್‌ಗಳು ಕೆಲಸ ಮಾಡುತ್ತೇವೆ. ಹೇಳಬೇಕಾದ್ದನ್ನು ಹೇಳಿ. ಅವರ ತಲೆಯ ಹತ್ತಿರ ಕೂತು ಮದುವೆ ಖರ್ಚು, ಆಸ್ತಿ ಅಂತ ಜಗಳ ಮಾತ್ರ ಯಾರೂ ಆಡದ ಹಾಗೆ ನೋಡಿಕೊಳ್ಳಿ.

ಆ ಹೊತ್ತಿನಲ್ಲಿ ಫೋಟೊ? ನಾನು ತೆಗೆಯಲಿಲ್ಲ. ಅಮ್ಮನ ಕೊನೆಯ ರಾತ್ರಿ ಫೋನ್ ಅಡುಗೆಮನೆಯಲ್ಲಿತ್ತು. ಒಂದು ಕೈಯಲ್ಲಿ ಅವಳ ಕೈ, ಇನ್ನೊಂದರಲ್ಲಿ ಹತ್ತಿ. ಉಸಿರು ನಿಂತು ಹತ್ತು ನಿಮಿಷ ಆದಮೇಲೆ ಅವಳ ಅಂಗೈಯ ಒಂದು ಫೋಟೊ ತೆಗೆದೆ, ಅಷ್ಟೇ. ತೆಗೆಯಲೇಬೇಕು ಅನಿಸಿದರೆ ಅದೂ ತಪ್ಪಲ್ಲ. ಆದರೆ ಆಗ ಕೈ ಹಿಡಿದುಕೊಳ್ಳಲು ಬೇರೆ ಯಾರಾದರೂ ಇರಬೇಕು.

ಒಂದು ಕಾಗದದ ಕೆಲಸ. ಮನೆಯಲ್ಲೇ ಹೋಗುವುದಾದರೆ, ನೋಡುತ್ತಿರುವ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ, ಅವರ ಪತ್ರ ಬೇಕಾಗುತ್ತದೆ. ಮರಣ ನೋಂದಣಿಯನ್ನು 21 ದಿನದೊಳಗೆ ಮಾಡಿಸಬೇಕು.

ಪ್ರಶ್ನೆ: ನನಗೆ 74. ಮಕ್ಕಳು ದೂರ. ವೆಂಟಿಲೇಟರ್ ಹಾಕಿ ತಿಂಗಳುಗಟ್ಟಲೆ ಇಡುವುದು ನನಗೆ ಬೇಡ. ಈಗಲೇ ಬರೆದಿಡಬಹುದಾ? (ಓದುಗರು, ಉಡುಪಿ)

ಉತ್ತರ: ಬರೆದಿಡಬಹುದು. ಇದು ಸಿಕ್ಕಿದ್ದರ ಹಿಂದೆ ನಮ್ಮದೇ ಕರಾವಳಿಯ ಒಬ್ಬ ಹೆಣ್ಣುಮಗಳ ಕಥೆ ಇದೆ. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ್ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅವರ ಮೇಲೆ ಅತ್ಯಾಚಾರ, ಹಲ್ಲೆ ಆಯಿತು. ಆಮೇಲೆ ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದು 2015ರ ಮೇ 18ರಂದು ತೀರಿಕೊಂಡರು. ಅಷ್ಟೂ ವರ್ಷ ನೋಡಿಕೊಂಡದ್ದು ಅಲ್ಲಿನ ನರ್ಸ್‌ಗಳು, ಒಂದು ತಲೆಮಾರಿನವರು ನಿವೃತ್ತರಾದರೆ ಮುಂದಿನವರು. ಅವರನ್ನು ನೆನೆದರೆ ನನ್ನ ಕೆಲಸದ ಬಗ್ಗೆ ಹೆಮ್ಮೆಯೂ ಆಗುತ್ತದೆ, ಹೊಟ್ಟೆ ಸಂಕಟವೂ ಆಗುತ್ತದೆ. ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದೇ ಅನ್ನುವುದನ್ನು ಸುಪ್ರೀಂ ಕೋರ್ಟ್ ಮೊದಲು ವಿವರವಾಗಿ ನೋಡಿದ್ದು 2011ರಲ್ಲಿ, ಅವರ ಪ್ರಕರಣದಲ್ಲೇ. 2018ರ ಮಾರ್ಚ್ 9ರಂದು, ಘನತೆಯಿಂದ ಸಾಯುವುದೂ ಹಕ್ಕು, ಇಂಥ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಟ್ಟ ಉಯಿಲು (ಲಿವಿಂಗ್ ವಿಲ್) ನಡೆಯುತ್ತದೆ ಎಂದು ತೀರ್ಪಾಯಿತು. 2023ರಲ್ಲಿ ವಿಧಾನ ಸುಲಭವಾಯಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಿಮಗೆ ಮಾತಾಡಲು ಆಗದಾಗ ನಿಮ್ಮ ಪರವಾಗಿ ಹೇಳುವವರ ಹೆಸರನ್ನೂ ಬರೆಯಬೇಕು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ಬರೆದು ಬೀರುವಿನಲ್ಲಿ ಮುಚ್ಚಿಡಬೇಡಿ. ಮಕ್ಕಳಿಗೆ ವಿಡಿಯೊ ಕಾಲ್ ಮಾಡಿ ಓದಿ ಹೇಳಿ. ಅವರು "ಬಿಡಪ್ಪ, ಕೆಟ್ಟ ಮಾತ್ಯಾಕೆ" ಅನ್ನುತ್ತಾರೆ. ಆದರೂ ಪೂರ್ತಿ ಓದಿ.

ಪ್ರಶ್ನೆ: ಒಂಬತ್ತು ವರ್ಷದ ಮಗನನ್ನು ತಾತನ ಕೋಣೆಗೆ ಬಿಡಬೇಕಾ? (ಓದುಗಿ, ಬೆಂಗಳೂರು)

ಉತ್ತರ: ಅವನಿಗೆ ಬೇಕಿದ್ದರೆ ಬಿಡಿ. ಒಳಗೆ ಏನು ಕಾಣುತ್ತದೆ ಅಂತ ಮೊದಲೇ ಹೇಳಿ, ನಳಿಕೆ ಇದೆ, ತಾತ ಮಾತಾಡದೆ ಇರಬಹುದು ಅಂತ. "ತಾತ ಮಲಗಿಬಿಟ್ರು", "ಊರಿಗೆ ಹೋದ್ರು" ಅಂತ ಹೇಳಬೇಡಿ, ಆಮೇಲೆ ಮಗು ಮಲಗಲೇ ಹೆದರುತ್ತದೆ. ಸಾಯುತ್ತಾರೆ ಅನ್ನುವ ಪದವನ್ನೇ ಬಳಸಿ. ಕೈಗೆ ಫೋನ್ ಕೊಟ್ಟು ತಾತನದೊಂದು ಫೋಟೊ ತೆಗೆಯಲು ಹೇಳಿ ನೋಡಿ. ಕೋಣೆಯಲ್ಲಿ ಮಾಡಲು ಒಂದು ಕೆಲಸ ಇದ್ದರೆ ಮಕ್ಕಳಿಗೆ ಧೈರ್ಯ ಬರುತ್ತದೆ. ತಾತನನ್ನು ಕೇಳಿ ತೆಗೆಯಬೇಕು ಅಂತ ಮಾತ್ರ ಕಲಿಸಿ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿ ಕೆಲಸ ಮಾಡುತ್ತೇನೆ. 2021ರ ಮೇನಲ್ಲಿ ಅವ್ವ ಕೊಪ್ಪಳದಲ್ಲಿ ಕೋವಿಡ್‌ನಿಂದ ತೀರಿಕೊಂಡಳು. ವಿಮಾನ ಇರಲಿಲ್ಲ. ಮಣ್ಣಿಗೂ ಹೋಗಲು ಆಗಲಿಲ್ಲ. ಕೊನೆಗಾಲದ ಒಂದು ಫೋಟೊ ಕೂಡ ನನ್ನ ಹತ್ತಿರ ಇಲ್ಲ. ನಿಮ್ಮ ಲೇಖನ ಓದಿ ತುಂಬಾ ಸಂಕಟ ಆಯಿತು. (ಓದುಗ, ಮಸ್ಕತ್)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಬರೆದದ್ದು ನಿಮ್ಮ ಗಾಯ ಕೆದಕಿತು ಅಂತ ಬೇಸರ ಆಗುತ್ತಿದೆ. ಆ ಮೇ ತಿಂಗಳಲ್ಲಿ ಪಕ್ಕದ ಬೀದಿಯಲ್ಲಿದ್ದ ಮಕ್ಕಳಿಗೂ ಮುಖ ನೋಡಲು ಆಗಲಿಲ್ಲ. ಅದು ನಿಮ್ಮ ತಪ್ಪಲ್ಲ. ಈ ಮಾತು ಎಷ್ಟು ಸಲ ಕೇಳಿದ್ದೀರೋ, ಆದರೂ ಹೇಳುತ್ತೇನೆ.

ಫೋಟೊ ಇಲ್ಲ ಅಂದಿರಿ. ಹುಡುಕಿ ನೋಡಿದ್ದೀರಾ? ಸೋದರ ಸಂಬಂಧಿಗಳ ಮದುವೆ ವಿಡಿಯೊಗಳಲ್ಲಿ, ಪಂಕ್ತಿಯ ಕೊನೆಯಲ್ಲಿ, ಹಿಂದೆ ನಿಂತು ಯಾರಿಗೋ ಹೋಳಿಗೆ ಬಡಿಸುತ್ತಾ ಅವ್ವ ಇರಬಹುದು. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ ಫೋಟೊ ಇರುತ್ತದೆ. ಹಳೇ ಫೋನ್ ಡ್ರಾಯರ್‌ನಲ್ಲಿ ಸತ್ತು ಬಿದ್ದಿದ್ದರೆ ಎಸೆಯಬೇಡಿ, ರಿಪೇರಿ ಅಂಗಡಿಯವರು ಎಷ್ಟೋ ಸಲ ಅದರಿಂದ ತೆಗೆದುಕೊಡುತ್ತಾರೆ. ಸಿಕ್ಕಿದ್ದನ್ನೆಲ್ಲ ಎರಡು ಕಡೆ ಇಡಿ, ಇಪ್ಪತ್ತಾದರೂ ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ಊರು, ವರ್ಷ ಬರೆಯಿರಿ. ಊರಿಗೆ ಹೋದಾಗ ಅವ್ವ ಕೂರುತ್ತಿದ್ದ ಕಟ್ಟೆ, ಅವಳ ಬೀಸುಕಲ್ಲು, ಇವುಗಳನ್ನು ಈಗಲೂ ತೆಗೆಯಬಹುದು. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕೊನೆಯ ಹತ್ತು ದಿನ ಏನೇನಾಯಿತು ಅಂತ ಕೇಳಿ. ನಿಮಗೆ ನೋವಾಗುತ್ತದೆ ಅಂತ ಅವನು ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿರಬಹುದು.

ಆಸ್ಪತ್ರೆಗೆ ಸೇರಿಸಿದ ದಿನ ಅವ್ವ ತಮ್ಮನ ವಾಟ್ಸಾಪ್‌ಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದಳು, ಅವನು ಅದನ್ನು ಯಾರಿಗೂ ಕೇಳಿಸಿಲ್ಲ ಅಂತ ಬರೆದಿದ್ದೀರಲ್ಲ. ಇವತ್ತು ರಾತ್ರಿಯೇ ಫೋನ್ ಮಾಡಿ ಅದನ್ನು ಕೇಳಿ ತೆಗೆದುಕೊಳ್ಳಿ. ಅವನು ಹೊಸ ಫೋನ್ ತೆಗೆದುಕೊಳ್ಳುವ ಮೊದಲು.